ಪತ್ರೆ ಮರದ ಪಥ್ಯ

ಶಿವನಿ ಊರಿನ ರುದ್ರಮೂರ್ತಿ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೆಂಡತಿ ಸುಮನಾಳನ್ನು ಕೂಗಿದ. ಬಿಲ್ವಪತ್ರೆ ಮರದ ಎಲೆಗಳೆಲ್ಲ ಅರಿಶಿನ ಮೆತ್ತಿದಂತೆ ಹಳದಿಯಾಗಿದ್ದವು. ರೆಂಬೆಗೆ ಕೈ ತಾಗಿದರೆ ಸಾಕು, ನಾಲ್ಕು ದಳ ಉದುರುತ್ತಿದ್ದವು.

ಅದು ಅವನ ಅವ್ವ ನೆಟ್ಟ ಮರ. ಅವ್ವ ಹೋದ ಮೇಲೆ ಅವನು ದಿನಾ ಅದಕ್ಕೊಂದು ಕೊಡ ನೀರು ಹಾಕಿ, ಸ್ಟೇಷನ್ ಹತ್ತಿರದ ತನ್ನ ಜೆರಾಕ್ಸ್ ಅಂಗಡಿಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದ. ಸುಮನಾಳ ಹಾಗೆ ಮರ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅದು ಹೀಗೆ ಸೊರಗಿದ್ದು ಕಂಡು ಅವನಿಗೆ ನಿಜವಾಗಿಯೂ ಸಂಕಟವಾಯಿತು. ಸಂಕಟದ ಬೆನ್ನಿಗೇ ದಿಗಿಲೂ ಬಂತು. ಶಿವರಾತ್ರಿ ಪೂಜೆಗೆ ಸಾವಿರದೆಂಟು ದಳ ತನ್ನ ಮರದ್ದೇ ಎಂದು, ಯಾರೂ ಕೇಳದೆ ಇದ್ದರೂ, ಮಠದ ಸಭೆಯಲ್ಲಿ ಮೈಕು ಹಿಡಿದು ಮಾತು ಕೊಟ್ಟು ಬಂದಿದ್ದ. ಶಿವರಾತ್ರಿಗೆ ಇನ್ನು ಹತ್ತೇ ದಿನವಿತ್ತು.

ಅಷ್ಟರಲ್ಲಿ ಪಕ್ಕದ ಮನೆ ಭಾಗಮ್ಮನ ತಲೆ ಕಾಂಪೌಂಡಿನ ಮೇಲೆ ಕಾಣಿಸಿತು.

"ದೃಷ್ಟಿ ಕಣಪ್ಪಾ ಇದು. ಮೈಕಲ್ಲಿ ಕೂಗಿದ್ಯಲ್ಲ, ಊರ ಕಣ್ಣೆಲ್ಲ ಇದ್ರ ಮೇಲೇ ಬಿತ್ತು."

"ಹಂಗಾದ್ರೆ ಒಂದು ಹಳೇ ಚಪ್ಪಲಿ ಕಟ್ಟು," ಎಂದ ಕೂಗು ಕೇಳಿ ಬಂದಿದ್ದ ಎದುರು ಮನೆ ಮಂಜಪ್ಪ. ರೈಲ್ವೆಯಿಂದ ರಿಟೈರಾದ ಮೇಲೆ ಅವನಿಗೆ ಸಲಹೆ ಕೊಡುವುದೇ ಕೆಲಸವಾಗಿತ್ತು.

"ಪತ್ರೆ ಮರಕ್ಕೆ ಚಪ್ಪಲಿ ಕಟ್ಟಿ ಶಿವನಿಗೆ ಏನಂತ ಜವಾಬು ಕೊಡ್ಲಿ ಮಂಜಣ್ಣ?" ಎಂದು ಕೈಮುಗಿದು ರುದ್ರಮೂರ್ತಿ ಮರದ ಫೋಟೋ ತೆಗೆದ. ಕಡೂರಿನಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಪ್ರಕಾಶನಿಗೆ ಕಳಿಸಿದ. ಪ್ರಕಾಶ ಕೃಷಿ ಡಿಪ್ಲೊಮಾ ಓದಿದವನು. ಅವನೇ ಫೋನ್ ಮಾಡಿದ.

"ಸತ್ವ ಇಲ್ಲ ಸಾರ್ ಮರಕ್ಕೆ. ಬೋನ..." ಎನ್ನುವಷ್ಟರಲ್ಲಿ ಮನೆ ಹಿಂದಿನ ಹಳಿಯಲ್ಲಿ ಗೂಡ್ಸ್ ರೈಲು ಕೂಗಿಕೊಂಡು ಬಂತು. ಅದು ದಾಟಿ ಮುಗಿಯುವವರೆಗೆ ಕೇಳಿಸಿದ್ದು "ಎರಡು ಕೆಜಿ", "ಬುಡದ ಸುತ್ತ", "ಸಂಜೆ ಬತ್ತೀನಿ" ಇಷ್ಟೇ.

"ಬೋನ ಇಡ್ಬೇಕಂತೆ ಕಣೇ!" ಎಂದ ರುದ್ರಮೂರ್ತಿ. ಬೋನ ಎಂದರೆ ದೇವರಿಗೆ ಎಡೆ ಇಡುವ ಅನ್ನ. ಅವ್ವ ಆಡುತ್ತಿದ್ದ ಮಾತು. ಡಿಪ್ಲೊಮಾ ಓದಿದವನ ಬಾಯಲ್ಲಿ ಅದು ಬಂತಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು.

"ಕಾಯಿಲೆ ಬಿದ್ದೋರಿಗೆ ಗಂಜಿ ಕೊಡ್ತಾರೆ ಕಣ್ರೀ. ಎರಡು ಕೆಜಿ ಅನ್ನ ಅರಗಿಸ್ಕೊಳುತ್ತಾ ಅದು?" ಎಂದಳು ಸುಮನಾ.

"ನೀನೇನು ಡಿಪ್ಲೊಮಾ ಮಾಡಿದ್ಯಾ? ಒಲೆ ಹಚ್ಚು."

ಒಂಬತ್ತು ಗಂಟೆಗೆ ಮರದ ಬುಡದ ಸುತ್ತ ಬಾಳೆಲೆ ಹಾಸಿ, ಬಿಸಿ ಅನ್ನ ಸುರಿದು, ಮೇಲೊಂದು ಮಿಳ್ಳೆ ತುಪ್ಪವನ್ನೂ ಬಿಟ್ಟಿದ್ದಾಯಿತು. ತುಪ್ಪವನ್ನು ಪ್ರಕಾಶ ಹೇಳಿರಲಿಲ್ಲ, ಅದು ರುದ್ರಮೂರ್ತಿಯ ಪ್ರೀತಿ.

ಕಾಂಪೌಂಡಿನ ಮೇಲೆ ಮತ್ತೆ ಭಾಗಮ್ಮನ ತಲೆ ಎದ್ದಿತು. "ಏನೇ ಸುಮನಾ, ಸೋಮವಾರ, ಪತ್ರೆ ಮರಕ್ಕೆ ಬೋನ! ಶಿವ ಕನಸಲ್ಲಿ ಬಂದಿದ್ನಾ?"

ಸುಮನಾ ಉತ್ತರ ಹೇಳುವ ಮೊದಲೇ ಆ ತಲೆ ಮಾಯವಾಯಿತು. ಹತ್ತು ಗಂಟೆಗೆ ಬೀದಿಗೆಲ್ಲ ಗೊತ್ತಾಯಿತು. ಹನ್ನೊಂದರ ಹೊತ್ತಿಗೆ ಅಜ್ಜಂಪುರದ ಬಸ್ಸಿನಿಂದ ಇಳಿದವರೂ ಕಾಯಿ, ಕರ್ಪೂರ ಹಿಡಿದು ಬಂದರು. ಬಂದವರು ಕೊಡಗಟ್ಟಲೆ ನೀರು ಹುಯ್ದರು, ಮೂರು ಸುತ್ತು ಸುತ್ತಿದರು, ಕೊನೆಗೆ ಕೈ ಮೇಲೆತ್ತಿದರು.

"ಎಲೆ ಕೀಳ್ಬೇಡಿ ಕಣ್ರವ್ವಾ! ಮರಕ್ಕೆ ಹುಷಾರಿಲ್ಲ!" ರುದ್ರಮೂರ್ತಿ ಮರವನ್ನು ತಬ್ಬಿ ನಿಂತ.

"ಒಂದೇ ಒಂದು ದಳ ಕಣಪ್ಪಾ, ಪ್ರಸಾದಕ್ಕೆ."

ಒಂದೊಂದೇ ದಳ. ಸಾಲು ತಪ್ಪದಂತೆ ಮಂಜಪ್ಪ ಹಸಿರು ಬಾವುಟ ಹಿಡಿದು ನಿಂತಿದ್ದ. ನಾಲ್ಕು ಗಂಟೆಗೆ ಮರದಲ್ಲಿ ಉಳಿದದ್ದು ಬರೀ ಮುಳ್ಳು. ಅವುಗಳಲ್ಲೂ ಎರಡು ರುದ್ರಮೂರ್ತಿಯ ಅಂಗಿಯಲ್ಲಿದ್ದವು. ಅವನು ಬುಡದಲ್ಲಿ ಕೂತು, "ತಪ್ಪಾಯ್ತು ಕಣವ್ವಾ," ಎಂದು ಮರದ ಕಾಂಡ ಸವರಿದ.

ಸುದ್ದಿ ಕೇಳಿ ಮಠದ ಹಿರಿಯರು ಮಲ್ಲಿಕಾರ್ಜುನಯ್ಯನವರೂ ಬಂದರು. ಬೋಳು ಮರವನ್ನು ನೋಡಿ, ರುದ್ರಮೂರ್ತಿಯನ್ನು ನೋಡಿ, "ಸಾವಿರದೆಂಟು ಅಂದಿದ್ಯಲ್ಲಪ್ಪಾ?" ಎಂದರು.

ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ಬದುಕಿದೆ ಎಂದು ರುದ್ರಮೂರ್ತಿ ಓಡಿದ. ಪ್ರಕಾಶ ಆಗಲೇ ಸುಮನಾಳ ಕೈಗೆ ಒಂದು ಕವರು ಕೊಟ್ಟು, ಮರದ ಹತ್ತಿರ ಇಡಲು ಹೇಳಿ ಹೆಲ್ಮೆಟ್ ಬಿಚ್ಚುತ್ತಿದ್ದ.

"ನೋಡಿ ಪ್ರಕಾಶ್, ನೀವು ಹೇಳ್ದಂಗೇ ಎರಡು ಕೆಜಿ ಬೋನ ಇಟ್ವಿ. ಈಗ..."

"ಇಟ್ರಾ? ಎಲ್ಲಿ ಸಿಕ್ತು? ನಾನು ಈಗ ತಾನೆ ತಂದ್ಕೊಟ್ಟೆ, ಬೋನ್ ಮೀಲು."

"ಬೋನ್ ಮೀಲಾ? ಹಂಗಂದ್ರೆ?"

"ಮೂಳೆ ಪುಡಿ ಸಾರ್. ಪತ್ರೆ ಗಿಡಕ್ಕೆ ಫಸ್ಟ್ ಕ್ಲಾಸು."

"ಸುಮನಾ! ಆ ಕವರೆಲ್ಲೇ?" ಎಂದು ಕೂಗುತ್ತ ರುದ್ರಮೂರ್ತಿ ಹಿತ್ತಲಿಗೆ ಓಡಿದ.

ಕವರು ಬಿಚ್ಚಿಕೊಂಡು ಮರದ ಬುಡದಲ್ಲಿತ್ತು. ಬೂದು ಬಣ್ಣದ ನುಣ್ಣನೆ ಪುಡಿ. ಭಾಗಮ್ಮನ ಹಣೆಯ ಮೇಲೆ ಮೂರು ಪಟ್ಟೆ ಬಿದ್ದಿದ್ದವು. ಮಂಜಪ್ಪನ ಹಣೆ, ತೋಳು, ಎದೆಯ ಮೇಲೂ ಬಿದ್ದಿದ್ದವು. ಸುಮನಾ ಕಣ್ಣಿಗೊತ್ತಿಕೊಂಡು ಉಳಿದವರಿಗೆ ಹಂಚುತ್ತಿದ್ದಳು. ಎರಡು ತಲೆಮಾರಿನಿಂದ ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟದ ಮನೆಗಳವರೇ ಅಲ್ಲಿದ್ದವರೆಲ್ಲ.

ಮಲ್ಲಿಕಾರ್ಜುನಯ್ಯನವರು ಹಣೆ ತುಂಬ ಬಳಿದುಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ರುದ್ರಮೂರ್ತಿ ಬಾಯಿ ತೆರೆದ. ಸುತ್ತಲಿನ ಹಣೆಗಳನ್ನು ಒಂದು ಸಲ ಎಣಿಸಿ ಬಾಯಿ ಮುಚ್ಚಿದ. ಸ್ಮಶಾನದಲ್ಲಿ ವಾಸ ಮಾಡುವ ಶಿವ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

"ಬಾರಪ್ಪಾ ಇಲ್ಲಿ," ಎಂದು ಹಿರಿಯರು ಕರೆದು ಮೂರು ಬೆರಳು ಅದ್ದಿ ಅವನ ಹಣೆಗೆ ಎಳೆದರು. "ಇಷ್ಟು ನಯವಾದ ವಿಭೂತಿ ನನ್ನ ಜನ್ಮದಲ್ಲಿ ನೋಡಿಲ್ಲ. ಪತ್ರೆ ಹೋದ್ರೆ ಹೋಗ್ಲಿ ಬಿಡು. ಅದ್ರ ಬದ್ಲು ಶಿವರಾತ್ರಿಗೆ ಇದನ್ನೇ ಒಂದು ಚೀಲ ತರಿಸ್ಕೊಟ್ಬಿಡು. ಸ್ವಾಮೀಜಿ ಕೈಯಿಂದ್ಲೇ ಇಡೀ ಊರಿಗೆ ಹಚ್ಚಿಸೋಣ."

ಹಿಂದಿನಿಂದ ಪ್ರಕಾಶ ಉತ್ಸಾಹದಿಂದ ಫೋನ್ ತೆಗೆದ.

"ಐವತ್ತು ಕೆಜಿದು ಬುಕ್ ಮಾಡ್ಬಿಡ್ಲಾ ಸಾರ್?"