ಸೇಠಜಿಗಳ ಭಾರೀ ಕನ್ನಡ

ಜಾಹೀರಾತು ನಂಬಿ ನೌಕರಿ ಹುಡುಕೋರ ಗೋಳು ಮುಗಿಯೂದಲ್ಲ ಬಿಡ್ರಿ. ಇವತ್ತು ಮೊಮ್ಮಗ ಬೀದರ ಬಾಜೂಕಿನ ಕೊಳಾರದ ಫ್ಯಾಕ್ಟರಿಯ ಇಂಗ್ಲಿಷ್ ಜಾಹೀರಾತು ಓದಿ ತಲಿ ಕೆರಕೋತಾನ. ಅವತ್ತು ನಾ ಕನ್ನಡದ್ದು ಓದಿ ಕೆರಕೊಂಡಿದ್ದೆ.

ಬೀದರ ಮೈಸೂರು ರಾಜ್ಯಕ್ಕ ಸೇರಿದ ಹೊಸತು. ಉರ್ದು ಬೋರ್ಡಿನ ಸೇಠಜಿಗಳೆಲ್ಲ ನೌಕರಿ ಜಾಹೀರಾತಿನ ಕನ್ನಡ ಚೀಟಿ ಅಂಟಿಸಾಕ ಹತ್ತಿದ್ರು. ನನಗೋ ನೌಕರಿ ಜರೂರ ಬೇಕಿತ್ತು. ಖಟಕ ಚಿಂಚೋಳಿಯ ಕನ್ನಡ ಮಾಸ್ತರ್ರು, "ನೌಕರಿ ಹಿಡದು ಬರ್ರಿ, ಮಗಳನ್ನ ಕೊಡ್ತೇನಿ" ಅಂದಿದ್ರು. ಹುಡುಗಿ ನನ್ನ ಮನಸ್ಸಿನಾಗ ಕೂತುಬಿಟ್ಟಿದ್ದಳು.

ಭಾಲ್ಕಿ

"ಸ್ವತಂತ್ರ ನಿರ್ಧಾರಶಕ್ತಿಯುಳ್ಳ, ಬಹುಮುಖ ಪ್ರತಿಭೆಯ ತರುಣ ಬೇಕಾಗಿದ್ದಾನೆ." ಇಸ್ತ್ರಿ ಅಂಗಿ ತೊಟ್ಟು ಬ್ಯಾಳಿ ಗಿರಣಿಗೆ ಹೋದೆ. ಸೇಠಜಿ ಕೈಯಾಗ ಕಸಬರಗಿ ಕೊಟ್ರು.

"ಮತ್ತ ಸ್ವತಂತ್ರ ನಿರ್ಧಾರ ಎಲ್ಲಿ ಅದರಿ?"

"ಯಾವ ಮೂಲಿಯಿಂದ ಸುರು ಮಾಡ್ತೀಯೋ, ನಿನಗ ಬಿಟ್ಟದ್ದು."

ಕಸ ಹೊಡಿಯೋ ಅಳಿಯನ್ನ ಮಾಸ್ತರ್ರು ಒಪ್ಪತಾರೇನು? ಧೂಳು ಕುಡಕೋತ ವಾಪಸ್ ಬಂದೆ.

ಔರಾದ

ಇಲ್ಲಿ ಬಟ್ಟಿ ಅಂಗಡಿಗೆ "ನವನಾಡಿನ ಪ್ರಗತಿಗೆ ಕಂಕಣಬದ್ಧ ಸಂಯೋಜಕ" ಬೇಕಾಗಿದ್ದ. ಕೆಲಸ ಏನ್ರಿ ಅಂತ ಮಾಲಕರಿಗೆ ಕೇಳಿದೆ.

"ನಾನೇ ನಿಮಗ ಕೇಳಬೇಕಂತಿದ್ದೆ! ಬಟ್ಟಿ ಥಾನಿನ ಗಂಟು ಹೊರಾಂವ ಬೇಕು ಅಂದಿದ್ದೆ, ಬರದವರು ಹಿಂಗ ಬರದಾರ. ಓದಿದವರೆಲ್ಲ ನಕ್ಕೋತ ಹೋಗ್ತಾರ. ಒಳಗ ಬಂದವರು ನೀವೇ ಮೊದಲ್ರಿ."

ನನಗೂ ಸಾಕಾಗಿತ್ತು. ಹೊರ್ತೇನ್ರಿ ಅಂದೆ.

"ಛೇ ಛೇ, ಇಂಥಾ ಕನ್ನಡ ತಿಳಿಯೋರಿಗೆ ಥಾನು ಹೊರಸೂದಾ? ಪಾಪ ಹತ್ತತದ" ಅಂತ ಚಹಾ ಕುಡಿಸಿ, ಮರ್ಯಾದಿಯಿಂದ ಬಸ್ ಹತ್ತಿಸಿದ್ರು.

ಖಟಕ ಚಿಂಚೋಳಿ

ಬರಿಗೈಲೆ ಮಾಸ್ತರ್ರ ಮನಿಗೆ ಹೋದೆ. ಹುಡುಗಿ ಕೈತಪ್ಪಿದಳು ಅಂತ ದಾರಿಯುದ್ದಕ್ಕೂ ಅನಕೋತ ಬಂದೆ. "ನೌಕರಿ ಆತೇನ್ರಿ?" ಅಂದ್ರು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ.

"ನವನಾಡಿನ ಪ್ರಗತಿಗೆ ಕಂಕಣಬದ್ಧ ಸಂಯೋಜಕ ಆಗಾಂವ ಇದ್ದೇನ್ರಿ."

ಮಾಸ್ತರ್ರ ಮಾರಿ ಸಣ್ಣದಾತು. "ಅದು ಥಾನು ಹೊರೂ ಕೆಲಸ ಅಲ್ಲೇನ್ರಿ?"

"ನಿಮಗ ಹ್ಯಾಂಗ ಗೊತ್ರಿ?"

"ಬರದಾಂವ ನಾನೇ. ಭಾಲ್ಕಿ ಗಿರಣೀದೂ ನಂದೇ. ಮೈಸೂರಿನವರು ಬೆರಗಾಗೂ ಹಂಗ ಬರೀರಿ ಅಂದಿದ್ರು ಸೇಠಜಿಗಳು."

ಚಹಾ ತಂದ ಹುಡುಗಿ ಬಾಗಿಲದಾಗೇ ನಿಂತು ಎಲ್ಲ ಕೇಳಿದ್ದಳು.

"ಅಪ್ಪಾ, ನೀವು ಬರದದ್ದನ್ನ ಇಡೀ ಜಿಲ್ಲಾದಾಗ ಖರೇ ಅಂತ ನಂಬಿದವರು ಇವರೊಬ್ಬರೇ. ಇಂಥಾ ಅಳಿಯ ಮತ್ತ ಸಿಗಂಗಿಲ್ಲ, ಹೂಂ ಅನ್ರಿ."