ಮಾವನವರ ಎರಡು ಬಾಯಿಯ ಪಿನ್ನು

ನಮ್ಮ ಮಾವನವರು ಅಂಜದೇ ಇರೋ ವಸ್ತು ಈ ಭೂಮಿ ಮ್ಯಾಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರ ಅದಕ್ಕೂ ಅಂಜತಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ!

ಮಸ್ಕಿಯಿಂದ ಸಿಂಧನೂರಿಗೆ ಹೋಗೋ ಬಸ್ಸಿನ್ಯಾಗ ಮುಂದ ಕುಂತ್ರ ಎದುರಿನ ಲಾರಿ ಬಡಿತೈತಿ, ಹಿಂದ ಕುಂತ್ರ ಹಿಂದಿನ ಲಾರಿ ಬಡಿತೈತಿ ಅಂತ ನಡುವ ನಿಂತೇ ಹೋಗ್ತಾರ. ಸೀಟು ಖಾಲಿ ಇದ್ರೂ! ಕಂಡಕ್ಟರ್ "ಕುಂದರ್ರಿ ಸಾವ್ಕಾರ್ರ" ಅಂದ್ರ "ಇಲ್ಲೇ ಬರೋಬ್ಬರಿ ಐತಿ" ಅಂತಾರ. ಮಲಗೋಕಿಂತ ಮೊದಲು ಗ್ಯಾಸ್ ಬಂದ್ ಆಗೇತೋ ಇಲ್ಲೋ ನೋಡತಾರ. ಬಂದ್ ಆಗಿರತೈತಿ. ಆದ್ರೂ ಸಂಶಯ ಬಂದು ಒಮ್ಮೆ ಹಚ್ಚಿ, ಮತ್ತ ತಾವೇ ಬಂದ್ ಮಾಡತಾರ. ನಾ ಈ ಮನಿಗೆ ಸೊಸಿಯಾಗಿ ಬಂದ ಹೊಸದಾಗ ಸೆರಗು ಅಡ್ಡ ಹಿಡಿದು ನಗತಿದ್ದೆ. ಈಗ ಅವರು ನೋಡಿ ಬಂದಮ್ಯಾಲೆ ನಾ ಎದ್ದು ನೋಡತೀನಿ. ಅಂಜಿಕಿ ಅನ್ನೋದು ನೆಗಡಿ ಇದ್ದಂಗ್ರಿ, ಮನ್ಯಾಗ ಒಬ್ಬರಿಗೆ ಬಂದ್ರ ಎಲ್ಲಾರಿಗೂ ಬರತೈತಿ.

ಈ ಎಲ್ಲಾ ಅಂಜಿಕಿ ತಕ್ಕಡಿಯ ಒಂದು ಕಡೆ ಇಟ್ರ, ಇನ್ನೊಂದು ಕಡೆ ಇಡೋ ಒಂದೇ ಒಂದು ಅಂಜಿಕಿ ಐತಿ: ತಾವು ತಪ್ಪು ಬಾರಿಸಿದ್ದು ಯಾರರ ಕೇಳಿಬಿಟ್ರ?

ಏನು ಬಾರಸ್ತಾರಂದ್ರಿ? ಕೀಬೋರ್ಡು. ನನ್ನ ಮಗಳಿಗಂತ ತಂದಿದ್ದು, ಆಕಿ ಬಿಟ್ಟಳು, ಅಜ್ಜ ಹಿಡಿದ್ರು. ಹಗಲೆಲ್ಲಾ ಕಿರಾಣಿ ಅಂಗಡಿ, ಸಂಜಿಗೆ ಪಡಸಾಲಿ ಕಿಟಕಿ ಹತ್ರ ಕುಂತು ಭಜನಿ ಪದ. ಮಠದ ಭಜನಿ ಮೇಳದಾಗ ಮೊದಲು ತಾಳ ಹಾಕತಿದ್ರು. ತಾಳದಾವ್ರಿಗೆ ಆರಾಮ ನೋಡ್ರಿ, ತಪ್ಪಿದ್ರ ಬಾಜೂದಾವನ ಮುಖ ನೋಡಿದ್ರ ಆತು! ಆದ್ರ ಹಾರ್ಮೋನಿಯಂ ಮಾಸ್ತರ ಬೆರಳಿಗೆ ವಾಯು ಹಿಡೀತು. "ನೀವ ಬಾರಸ್ರಿ" ಅಂತ ಎಲ್ಲಾರೂ ಇವರಿಗೆ ಗಂಟುಬಿದ್ರು. ಮುಂದ ಶ್ರಾವಣದಾಗ ಲಿಂಗಸುಗೂರಿನ ಒಂದು ಮಠದಾಗ ನಮ್ಮೂರ ಮೇಳದ ಪಾಳಿ ಬರೋದಿತ್ತು. ಅದು ಗೊತ್ತಾದ ದಿನದಿಂದ ನಮ್ಮ ಮಾವನವರಿಗೆ ನಿದ್ದಿ ಹಾರಿತು, ಅನ್ನ ಸೇರಲಿಲ್ಲ. "ಅಷ್ಟು ಮಂದಿ ಮುಂದ ಬೆರಳು ಜಾರಿದ್ರ ನಾ ಹೆಂಗ ಮಾರಿ ತೋರಸ್ಲಿ?" ಅಂತ ಒಂದೇ ಜಪ.

ಅಂಥಾದ್ರಾಗ ಆಷಾಢದಾಗ ಎದುರುಮನಿ ದೊಡ್ಡಪ್ಪ ತೀರಿಕೊಂಡ್ರು. ಅವರು, ಅವರ ಹೆಂಡತಿ ದೊಡ್ಡವ್ವ, ಇಬ್ಬರೇ ಇದ್ದ ಮನಿ ಅದು. ನಾವು ಪಡಸಾಲಿಯಾಗ ಸೀನಿದ್ರ ಅವರು "ಶರಣಾ" ಅನ್ನೋವಷ್ಟು ಹತ್ರ. ಸತ್ತ ರಾತ್ರಿ ಹೆಣದ ಮುಂದ ಭಜನಿ ಮಾಡೋದು ಬ್ಯಾರೆ ಮಾತು. ಮಣ್ಣಾದಮ್ಯಾಲೆ ಓಣಿ ಮಂದಿ ಟೀವಿ ದನಿ ಇಳಸ್ತಾರ, ಹಾಡು ಬಾಜಾ ಎಲ್ಲಾ ಬಂದ್. ಯಾರೂ ಹಾಕಿಕೊಟ್ಟ ನೇಮ ಅಲ್ಲ ಇದು. ಆದ್ರ ಮುರಿದಾವ್ರನ್ನ ಓಣಿ ಮರೆಯಂಗಿಲ್ಲ. ನಮ್ಮ ಮಾವನವರಂತೂ ನನ್ನ ಕುಕ್ಕರನ್ನ ಸೈತ ಹಿತ್ತಲಕ್ಕ ದಾಟಿಸಿದ್ರು, ಸೀಟಿ ಹೊಡದ್ರ ಎದುರುಮನಿಯವರು ಏನು ತಿಳಕೊಂಡಾರು ಅಂತ!

ಬಾರಿಸಿದ್ರ ಓಣ್ಯಾಗ ಮರ್ಯಾದಿ ಹೋಗತೈತಿ, ಬಾರಸದಿದ್ರ ಲಿಂಗಸುಗೂರಾಗ. ಏನು ಮಾಡಬೇಕು? ನಮ್ಮನಿಯವರು ತಮ್ಮ ಹಳೇ ಹೆಡ್‌ಫೋನ್ ಕೊಟ್ಟು, "ಇದನ್ನ ಹಾಕ್ಕೊಂಡು ಬಾರಸಪ್ಪ, ನಿನಗಷ್ಟೇ ಕೇಳತೈತಿ" ಅಂದ್ರು. ಎರಡೂ ಕಿವಿ ಮ್ಯಾಲೆ ಬನ್ನು ಇಟ್ಟಂಗ ಕಾಣೋ ದೊಡ್ಡ ಹೆಡ್‌ಫೋನ್ ಅದು. ಆದ್ರ ಅದರ ಪಿನ್ನು ಸಣ್ಣದು, ಕೀಬೋರ್ಡಿನ ತೂತು ದೊಡ್ಡದು. ನಡುವ ಹಚ್ಚಾಕ ಒಂದು ಅಡಾಪ್ಟರ್ ಬೇಕು. ಲಿಂಗಸುಗೂರಾಗ ಅಂಗಡಿ ಅಂಗಡಿಯಾಗ ಸಿಗತೈತಿ. ತಂದ್ರು, ಹಚ್ಚಿದ್ರು, ಮುಗೀತು ಅಂದ್ಕೊಂಡ್ರೇನು? ಅಷ್ಟು ಸರಳ ಇದ್ರ ಅವರು ನಮ್ಮ ಮಾವನವರ ಹೆಂಗ ಆಗತಿದ್ರು!

"ಒಳಗ ಏನೈತಿ ಗೊತ್ತಿಲ್ಲದ್ದನ್ನ ಕಿವಿಗೆ ಹೆಂಗ ಹಚ್ಚಿಕೊಳ್ಳೋದವ್ವಾ? ಕರೆಂಟು ಸೀದಾ ತಲಿಗೆ ಏರಿದ್ರ?" ಅಂತ ನನ್ನ ಚಾಕು ತಗೊಂಡು ಹೊಸಾ ಅಡಾಪ್ಟರ್ ಸೀಳಿ ನೋಡಿದ್ರು. ಒಳಗ ಅಂಜೋವಂಥಾದ್ದು ಏನೂ ಇರಲಿಲ್ಲ. ಆದ್ರ ತಿರುಗಿ ಮುಚ್ಚಾಕ ಬರಲಿಲ್ಲ.

"ಇನ್ನ ನಾನ ಮಾಡತೀನಿ. ನಾ ಮಾಡಿದ್ರಾಗ ಏನೈತಿ ಅಂತ ನನಗ ಗೊತ್ತಿರತೈತಿ" ಅಂದ್ರು. ಮತ್ತ ಲಿಂಗಸುಗೂರಿಗೆ ಹೋಗಿ, ಬರೋಮುಂದ ಬಸ್ಸಿನ್ಯಾಗ ನಿಂತೇ ಬಂದು, ಪಿನ್ನು, ವೈರು, ಬೆಸಿಗಿ ಹಾಕೋ ಕಡ್ಡಿ ಎಲ್ಲಾ ತಂದ್ರು. ಫೋನಿನ್ಯಾಗ ವಿಡಿಯೋ ಹಚ್ಚಿಕೊಂಡು ಕುಂತ್ರು. ಕಾಲಾಗ ರಬ್ಬರ್ ಚಪ್ಪಲಿ, ಕುಂಡಿ ಕೆಳಗ ಕಟಗಿ ಮಣಿ, ಕಣ್ಣಿಗೆ ನಮ್ಮನಿಯವರ ಬೈಕಿನ ಕನ್ನಡಕ. ನಮ್ಮ ಅತ್ತಿಯವರು ನೋಡಿ, "ಪಿನ್ ಮಾಡಾಕತ್ತೀರೋ, ಕರೆಂಟ್ ಕಂಬ ಏರಾಕತ್ತೀರೋ?" ಅಂದ್ರು.

ವೈರಿಗೆ ಟೇಪು ಸುತ್ತಿದ್ರು. ಟೇಪಿನ ಮ್ಯಾಲೆ ಟೇಪು. ಅದಕ್ಕೂ ಧೈರ್ಯ ಸಾಲದೇ ಮತ್ತೊಂದು ಸುತ್ತು. ಮುಗಿಯೋದ್ರಾಗ ಆ ಅಡಾಪ್ಟರ್ ಬಾಣಲ್ಯಾಗಿಂದ ಈಗ ತೆಗೆದ ಮಿರ್ಚಿ ಭಜಿ ಆಗಿತ್ತು! ಆಮ್ಯಾಲೆ ಹೆಡ್‌ಫೋನ್ ಹಿಡಕೊಂಡು ಅತ್ತಿಯವರ ಹತ್ರ ಬಂದ್ರು.

"ನೀ ಒಂದು ಸಲ ಹಾಕ್ಕೊಂಡು ನೋಡು."

"ಯಾಕ, ನನ್ನ ಕಿವಿ ಏನು ಸರಕಾರಿ ಕಿವಿ ಏನು? ನಿಮ್ಮವಕ್ಕ ಹಾಕ್ಕೋರಿ!"

"ಅಲ್ಲ, ನಿನಗ ಏನರ ಆದ್ರ ದವಾಖಾನಿಗೆ ಒಯ್ಯಾಕ ನಾ ಇರತೀನಿ. ನನಗ ಆದ್ರ ನೀ ಗಾಬರಿ ಆಗತಿ."

ಕಡೀಕೆ ಅದನ್ನ ಹಾಕ್ಕೊಂಡಾಕಿ ನಾನು. ಸೊಸಿ ಅಂದ್ರ ಅದಕ್ಕ ಅಲ್ಲೇನ್ರಿ? ಜೀವ ಕೈಯಾಗ ಹಿಡಕೊಂಡು ಹಾಕ್ಕೊಂಡೆ. ಕರೆಂಟು ಬರಲಿಲ್ಲ, ದನಿನೂ ಸರಿಯಾಗಿ ಬರಲಿಲ್ಲ. ಎಲ್ಲೋ ದೂರ ಗುಂಗಾಡು ಸೊಳ್ಳಿ ಗುಂಯ್ ಅಂದಂಗ ಅಷ್ಟ. "ನಡೀತೈತಿ ಬಿಡು" ಅಂತ ಮಾವನವರು ಕೀಬೋರ್ಡಿನ ದನಿ ಪೂರಾ ಏರಿಸಿ ಬಾರಸಾಕತ್ತಿದ್ರು. ಹೊರಗ ಕುಂತ ನಮಗ ಕೀಬೋರ್ಡಿನ ಗುಂಡಿ ಟಕಟಕ ಅನ್ನೋದು ಬಿಟ್ರ ಏನೂ ಕೇಳತಿರಲಿಲ್ಲ. ಆದ್ರೂ ನನಗ ಅಂಜಿಕಿ ತಪ್ಪಲಿಲ್ಲ. ಆ ಪಿನ್ನು ಜಾರಿ ಬಿದ್ರ ಕೀಬೋರ್ಡಿನ ಸ್ಪೀಕರ್ ತಾನ ಸುರು ಆಗತೈತಿ ಅಂತ ನಮ್ಮನಿಯವರು ಹೇಳಿದ್ರಲ್ಲ!

ಜಾರಿತು.

ಅವತ್ತು ಎದುರುಮನಿಗೆ ಮಾತಾಡ್ಸಾಕ ಅಂತ ಬಳಗಾನೂರಿನ ಬೀಗರು ಬಂದಿದ್ರು. ಹೆಣ್ಣಮಕ್ಕಳು ಕಟ್ಟಿ ಮ್ಯಾಲೆ ಕುಂತು ಅಳಾಕತ್ತಿದ್ರು. ಒಳಗ ನಮ್ಮ ಮಾವನವರ ಬೆರಳು ತಪ್ಪಿ ಒಂದು ಗುಂಡಿ ಒತ್ತಿತು, ಗಣಪತಿ ಮೆರವಣಿಗಿಯಾಗ ಹುಡುಗರು ಕುಣಿತಾರಲ್ಲ, ಆ ತಾಳ ಸುರು ಆತು. ಗಾಬರಿಯಾಗಿ ಬಂದ್ ಮಾಡಾಕ ಹೋದ್ರು. ವೈರಿಗೆ ಕೈ ತಾಗಿ, ಆ ಮಿರ್ಚಿ ಭಜಿ ಭಾರಕ್ಕ ಪಿನ್ನು ಕಳಚಿ ಕೆಳಗ ಬಿತ್ತು. ಹೆಡ್‌ಫೋನ್ ಗಪ್ ಆತು. ಇವರು "ಸದ್ಯ, ಬಂದ್ ಆತು ಶಿವನೇ" ಅಂತ ಉಸಿರು ಬಿಟ್ರು. ಬಂದ್ ಎಲ್ಲಿ ಆಗೇತಿ? ಪೂರಾ ಏರಿಸಿದ ದನಿಯಾಗ ಧಡಂ ಧಡಂ ಅಂತ ಓಣಿ ತುಂಬಾ!

ಕಿವಿ ಮ್ಯಾಲೆ ಬನ್ನು ಇದ್ದಾವಲ್ಲ, ಇವರಿಗೆ ಅದು ದೂರದಿಂದ ಬಂದಂಗ ಕೇಳೇತಿ. ಸಿಟ್ಟು ನೆತ್ತಿಗೇರಿತು. ಹೆಡ್‌ಫೋನ್ ಸಮೇತ ಎದ್ದು ಕಿಟಕಿಯಾಗ ಮಾರಿ ಹಾಕಿ ಒದರಿದ್ರು: "ಯಾವಲೇ ಅವ, ಸತ್ತ ಮನಿ ಮುಂದ ಡಿಜೆ ಹಚ್ಚಿದಾವ? ಮನಷ್ಯಾರೇನಲೇ ನೀವು?"

ಅಳಾಕತ್ತಿದ್ದವರು ಅಳೋದು ನಿಲ್ಲಿಸಿ ಇವರನ್ನ ನೋಡಿದ್ರು. ಅತ್ತಿಯವರು ಓಡಿ ಬಂದು, ಅವರ ಕಿವಿಯಿಂದ ಹೆಡ್‌ಫೋನ್ ಕಿತ್ತು, "ನೀವರೀ! ಹಚ್ಚಿದಾವ್ರು ನೀವ!" ಅಂದ್ರು. ಮಾವನವರ ಮುಖ ನೋಡಿ ನನಗ ನಗು ಬರಲಿಲ್ಲ ನೋಡ್ರಿ, ಅವರ ಜೀವ ಹಾರಿಹೋಗತೈತೇನೋ ಅನಿಸ್ತು.

ಕ್ಷಮಾ ಕೇಳಾಕ ನಮ್ಮನಿಯವರು ಎದುರುಮನಿಗೆ ಹೋದ್ರು. ಬೀಗರು ಮುಖ ಗಂಟಿಕ್ಕಿಕೊಂಡು "ಇರಲಿ" ಅಂದ್ರಂತ, ದೊಡ್ಡವ್ವ ಒಳಗಿಂದ ಬರಲೇ ಇಲ್ಲಂತ. ಅವತ್ತಿನಿಂದ ಮಾವನವರು ಹಿತ್ತಲ ಬಾಗಲದಿಂದ ಅಂಗಡಿಗೆ ಹೋಗಾಕ ಸುರು ಮಾಡಿದ್ರು. ಕೀಬೋರ್ಡಿಗೆ ಹಳೇ ಧೋತರ ಸುತ್ತಿ ಕಟ್ಟಿಟ್ರು. ಮೇಳದಾವ್ರಿಗೆ, "ಲಿಂಗಸುಗೂರಿಗೆ ಬ್ಯಾರೆದವರನ್ನ ನೋಡ್ಕೋರಿ, ನನ್ನ ಕೈಲೆ ಆಗಂಗಿಲ್ಲ" ಅಂತ ಹೇಳಿ ಕಳಿಸಿದ್ರು. ಊಟಕ್ಕ ಕರೆದ್ರ ಬರತಿದ್ರು, ಎರಡು ತುತ್ತಿಗೆ ಏಳತಿದ್ರು. ಗ್ಯಾಸ್ ಬಂದ್ ಆಗೇತೋ ಇಲ್ಲೋ ನೋಡೋದನ್ನ ಸೈತ ಬಿಟ್ರು. ಅಂಜಬುರುಕ ಮನಷ್ಯಾ ಅಂಜೋದನ್ನ ಬಿಟ್ಟಾಗ ನಮಗ ಖರೇನ ಅಂಜಿಕಿ ಆತು.

ಬೀಗರೆಲ್ಲಾ ಊರಿಗೆ ಹೋದಮ್ಯಾಲೆ ಒಂದಿನ ಸಂಜಿಗೆ ಎದುರುಮನಿ ದೊಡ್ಡವ್ವ ನಮ್ಮ ಪಡಸಾಲಿಗೆ ಬಂದು ನಿಂತ್ಲು. ಮಾವನವರು ಹಿತ್ತಲಕ್ಕ ಓಡಾಕ ನೋಡಿದ್ರು, ಆಗಲಿಲ್ಲ.

"ತಪ್ಪಾತವ್ವಾ, ಪಿನ್ನು ಜಾರಿ..."

"ಪಿನ್ನಿನ ಸುದ್ದಿ ಬಿಡ್ರೀ ಅಣ್ಣಾರ. ಬಾರಸೋದು ಯಾಕ ಬಿಟ್ರಿ, ಅದನ್ನ ಹೇಳ್ರಿ" ಅಂದ್ಲು ದೊಡ್ಡವ್ವ. "ನಮ್ಮನಿಯವರು ನಿಮ್ಮ ಪೆಟ್ಟಿಗಿ ಸುರು ಆಗೋತನ ತಾಟಿಗೆ ಕೈ ಹಚ್ಚತಿರಲಿಲ್ಲ. ಆ ಭಜನಿ ಪದದ ಎರಡನೇ ಸಾಲಿನ್ಯಾಗ ದಿನಾ ಒಂದ ಕಡೆ ತಪ್ಪತಿದ್ರಿ ನೋಡ್ರಿ, ಅದು ಬರೋಮುಂದ 'ಈಗ ಜಾರತಾನ ನೋಡು, ಈಗ ಜಾರತಾನ' ಅಂತ ಕಾಯತಿದ್ರು. ನೀವು ಜಾರಿದ ಕೂಡ್ಲೆ ತುತ್ತು ನೆತ್ತಿಗೇರೋವಂಗ ನಗತಿದ್ರು."

 ಇಷ್ಟು ದಿನಾ ಮಾವನವರು ಯಾವುದಕ್ಕ ಅಂಜಿದ್ರೋ ಅದ ಆಗಿತ್ತು, ಅದೂ ದಿನಾ, ಎದುರುಮನ್ಯಾಗ! 

"ಈಗ ಉಣ್ಣಾಕ ಕುಂತ್ರ ಮನಿ ಗವ್ ಅಂತೈತ್ರಿ, ತುತ್ತು ಇಳಿಯಂಗಿಲ್ಲ" ಅಂದ್ಲು ಆಕಿ. "ಜೋರಾಗಿ ಬಾರಸಬ್ಯಾಡ್ರಿ, ಗಂಡ ಸತ್ತು ತಿಂಗಳಾಗಿಲ್ಲ ಹಾಡು ಕೇಳತಾಳ ಅಂತ ಮಂದಿ ಆಡಿಕೊಂತಾರ. ಆ ಕಿವಿಗೆ ಹಚ್ಚಿಕೊಳ್ಳೋದು, ನನಗೂ ಒಂದು ಕೊಡ್ರಿ."

ಮಾವನವರು ಬೆಸಿಗಿ ಕಡ್ಡಿ ತಗೊಂಡು ಕುಂತ್ರು. ಒಂದು ದಪ್ಪ ಪಿನ್ನು, ಅದಕ್ಕ ಎರಡು ಬಾಯಿ, ಇಬ್ಬರು ಕೇಳೋವಂಥಾದ್ದು. ಚಪ್ಪಲಿ ಇಲ್ಲ, ಮಣಿ ಇಲ್ಲ, ಟೇಪು ಎಷ್ಟು ಬೇಕೋ ಅಷ್ಟ. ಮುಗಿದಮ್ಯಾಲೆ ಮೊದಲು ತಮ್ಮ ಕಿವಿಗೇ ಹಚ್ಚಿಕೊಂಡು ನೋಡಿದ್ರು, ನನ್ನನ್ನ ಕರಿಯಲಿಲ್ಲ. ಮರುದಿನದಿಂದ ದೊಡ್ಡವ್ವ ತನ್ನ ತಾಟು ಮುಚ್ಚಿಕೊಂಡು ತಂದು ನಮ್ಮ ಪಡಸಾಲಿಯಾಗ ಕುಂತು, ಕಿವಿಗೆ ಇನ್ನೊಂದು ಹೆಡ್‌ಫೋನ್ ಹಾಕ್ಕೊಂಡು ಉಣ್ಣಾಕತ್ತಿದ್ಲು. ನಮಗ ಟಕಟಕ ಅನ್ನೋದಷ್ಟ ಕೇಳತಿತ್ತು. ಆ ಒಂದು ಕಡೆ ಬಂದಾಗ ಆಕಿ ಬಾಯಿಗೆ ಸೆರಗು ಒತ್ತಿಕೊಂಡು ನಗತಿದ್ಲು. ನಕ್ಕು, ಕಣ್ಣು ಒರಸ್ಕೊಂಡು, ತಾಟು ಖಾಲಿ ಮಾಡತಿದ್ಲು.

ಮೇಳದಾವ್ರಿಗೆ ಮತ್ತ ಹೂಂ ಅಂದು ಲಿಂಗಸುಗೂರಿಗೂ ಹೋದ್ರು ನಮ್ಮ ಮಾವನವರು. ನಾನೂ ಹೋಗಿದ್ದೆ. ಎರಡನೇ ಸಾಲು ಬರೋಮುಂದ ನಾ ಕಣ್ಣು ಮುಚ್ಚಿಕೊಂಡು ಅತ್ತಿಯವರ ಕೈ ಹಿಂಡಿಬಿಟ್ಟೆ. ಬೆರಳು ಜಾರಲಿಲ್ಲ! ಹಾಲಿನ್ಯಾಗ ಸಕ್ಕರಿ ಕರಗಿದಂಗ ದಾಟಿ ಹೋತು. ಮಂದಿ ತಲಿದೂಗಿದ್ರು.

ಊರಿಗೆ ಬಂದು ಮರುದಿನ ಸಂಜಿಗೆ ಮತ್ತ ಕುಂತ್ರು. ಅದ ಕಡೆ ಬಂತು, ದೊಡ್ಡವ್ವ ಮತ್ತ ನಕ್ಲು. ಆಕಿ ಉಂಡು ಹೋದಮ್ಯಾಲೆ ನಾ ತಡಕೊಳ್ಳಾಕ ಆಗದ ಕೇಳಿದೆ, "ಮಾವಾರ, ನಿನ್ನೆ ಅಷ್ಟು ಮಂದಿ ಮುಂದ ಸರಿಯಾಗಿ ಬಾರಿಸಿದ್ರಿ, ಮನ್ಯಾಗ ಮತ್ತ ತಪ್ಪಿದ್ರಿ?"

ಮಾವನವರು ಗಾಬರಿಯಾಗಿ ಎದ್ದು, ಕಿಟಕಿ ಹಾಕಿ, ಬಾಗಲ ಮುಂದ ಮಾಡಿ, ನನ್ನ ಹತ್ರ ಬಂದು ಪಿಸುಮಾತಿನ್ಯಾಗ ಅಂದ್ರು: "ಮೆಲ್ಲಕ ಮಾತಾಡವ್ವಾ! ನನಗ ಸರಿ ಬಾರಸಾಕ ಬರತೈತಿ ಅಂತ ಆಕಿಗೆ ಗೊತ್ತಾದ್ರ ಹೆಂಗ? ನನಗ ಈಗ ಅದೊಂದ ಅಂಜಿಕಿ."