ಅಪ್ಪನಿಗೊಂದು ಅಮೆರಿಕದ ಕತ್ತಿ

ನಾನು ಯಾರ ತಂಟೆಗೂ ಹೋಗುವವನಲ್ಲ. ಮಸ್ಕತ್ತಿನ ರುಸೈಲಿನ ಪೈಪ್ ಫ್ಯಾಕ್ಟರಿಯಲ್ಲಿ ಸ್ಟೋರ್‌ಕೀಪರ್. ನಟ್ಟು ಬೋಲ್ಟು ಕೊಟ್ಟು, ಸಹಿ ಹಾಕಿಸಿಕೊಂಡು ಮನೆಗೆ ಬರುವ ಪ್ರಾಣಿ. ಆದರೂ ಫಜೀತಿಗಳಿಗೆ ನನ್ನ ಮೇಲೆ ಏನೋ ಮಮತೆ, ಹುಡುಕಿಕೊಂಡು ಬರುತ್ತವೆ. ಈ ವರ್ಷ ಅವು ಬಂದದ್ದೆಲ್ಲ ಒಂದು ಹಳೇ ಕ್ಷೌರದ ಕತ್ತಿಯ ಬೆನ್ನು ಹಿಡಿದು.

ಅದರ ಹಿಂದೊಂದು ಕತೆ ಇದೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಹಡಗಿನವನೊಬ್ಬ ಕೊಟ್ಟ ಅಮೆರಿಕದ ಕತ್ತಿ ಅವರಲ್ಲಿತ್ತು. ಕಪ್ಪು ಹಿಡಿಯೊಳಗೆ ಮಡಚಿಕೊಳ್ಳುವ ಅಲಗು, ಅದರ ಬುಡದಲ್ಲಿ ನ್ಯೂಯಾರ್ಕ್ ಎಂಬ ಅಕ್ಷರ. ಭಾನುವಾರ ಬೆಳಿಗ್ಗೆ ಊರಿನ ಜಗಲಿಯಲ್ಲಿ ಕೂತು ಅದನ್ನು ಚರ್ಮದ ಪಟ್ಟಿಗೆ ಎಳೆದು ಎಳೆದು ಹದ ಮಾಡಿ ಗಡ್ಡ ತೆಗೆಯುತ್ತಿದ್ದರು. ಆ ಅರ್ಧ ಗಂಟೆ ಅವರು ಯಾರ ಗಂಡನೂ ಅಲ್ಲ, ಯಾರ ಅಪ್ಪನೂ ಅಲ್ಲ, ಮಹಾರಾಜ. ಒಂಬತ್ತನೇ ವಯಸ್ಸಿನಲ್ಲಿ ನಾನು ಅದೇ ಕತ್ತಿಯಿಂದ ಚಿನ್ನಿದಾಂಡಿನ ಚಿನ್ನಿ ಕೆತ್ತಿದೆ. ಅಲಗು ಗರಗಸವಾಯಿತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮುಂದಿನ ಭಾನುವಾರ ಪೇಟೆಯ ಸೆಲೂನಿಗೆ ಹೋದರು, ಅಷ್ಟೆ. ಎರಡು ಬಿಗಿದಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ.

ಮಸ್ಕತ್ತಿಗೆ ಬಂದು ಇಪ್ಪತ್ತಾರು ವರ್ಷ. ಪ್ರತಿ ರಜೆಗೆ ಮುಂಚೆ "ಅಪ್ಪಾ, ಏನು ತರಲಿ?" ಎಂದು ಕೇಳುತ್ತೇನೆ. "ಎಂತದೂ ಬೇಡ" ಎನ್ನುತ್ತಾರೆ. ಅವರಿಗೀಗ ಎಂಬತ್ತೊಂದು. ಅಂಥದೇ ಕತ್ತಿಯೊಂದನ್ನು ಅವರ ಕೈಯಲ್ಲಿಡಬೇಕು ಎಂಬುದೊಂದೇ ನನ್ನ ಆಸೆ.

ಮುದುಕನ ಕೈ

ಬರ್ಕಾದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟ ಒಬ್ಬ ಒಮಾನಿ ಮುದುಕನಿದ್ದಾನೆ. ಕಾಫಿ ಪಾತ್ರೆ, ತುಕ್ಕು ಹಿಡಿದ ಬೀಗ, ನಿಂತ ಗಡಿಯಾರಗಳ ನಡುವೆ ನನಗೆ ಅದು ಕಂಡಿತು. ಕಪ್ಪು ಹಿಡಿ, ನ್ಯೂಯಾರ್ಕ್, ಎಲ್ಲ ಅದೇ. ಆಸೆ ತೋರಿಸಿದರೆ ರೇಟು ಏರುತ್ತದೆಂದು ಮುಖ ಹುಳಿ ಮಾಡಿಕೊಂಡು "ಹರಿತ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿದೆ. ನಮಗಿಂತ ಚೆನ್ನಾಗಿ ಹಿಂದಿ ಮಾತಾಡುವ ಮುದುಕ ಅದು.

"ಕೈ ಕೊಡು, ಕೂದಲು ಬೋಳಿಸಿ ತೋರಿಸ್ತೇನೆ" ಅಂದ.

"ನಿಮ್ಮ ಕೈಯಲ್ಲೇ ತೋರಿಸಿ."

ಅವನು ಅಂಗಿಯ ತೋಳು ಮೇಲೆ ಸರಿಸಿದ. ಎರಡು ಕೈಯೂ ಮೊಣಕೈವರೆಗೆ ಬಾಳೆದಿಂಡಿನ ಹಾಗೆ ನುಣ್ಣಗಿತ್ತು.

"ಬೆಳಿಗ್ಗೆಯಿಂದ ನಿನ್ನಂಥವರು ನಾಲ್ಕು ಜನ ಬಂದಿದ್ರು. ಇನ್ನು ಉಳಿದಿರೋದು ಗಡ್ಡ. ಅದನ್ನು ಮಾತ್ರ ಕೊಡೋದಿಲ್ಲ."

ಮನೆಯಲ್ಲಿ ಸ್ವಾಗತ

ಮಗಳು ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ಇಂಗ್ಲಿಷಿನಲ್ಲಿ. ನಾನು ಕೊಂಡು ತಂದ ಕತ್ತಿ ನೋಡಿ "ಪಪ್ಪಾ, ದಿಸ್ ಈಸ್ ಎ ವೆಪನ್!" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಕತ್ತಿಯನ್ನು ಊಟದ ಮೇಜಿನ ಮೇಲಿಟ್ಟು, ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಭಾಷಣ ಬಿಗಿದೆ. ಇದು ಬಿಸಾಡುವ ಬ್ಲೇಡಲ್ಲ, ಅಜ್ಜ ಬಳಸಿ ಮೊಮ್ಮಗನಿಗೆ ಕೊಡಲಿ ಎಂದು ಮಾಡಿದ ಉಕ್ಕು, ಗೌರವದಿಂದ ಮುಟ್ಟಬೇಕು, ಇತ್ಯಾದಿ. ಮಗಳಿಗೆ ಸ್ವಲ್ಪ ಭಕ್ತಿ ಬಂತು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೂಗಿದಳು: "ರೀ, ನೀವು ತಂದ ಕತ್ತಿ ಭಾರೀ ಲಾಯ್ಕಿದೆ! ಊರಿಗೆ ಕಳಿಸುವ ಕಾರ್ಟನಿನ ಟೇಪು ಒಂದೇ ಸಲಕ್ಕೆ ಹೋಯ್ತು. ಮೀನಿಗೂ ಆಗಬಹುದಾ?"

ಬೆಲ್ಟು

ಟೇಪು ಕೊಯ್ದು ಮೊಂಡಾದ ಕತ್ತಿಯನ್ನು ರುಸೈಲಿನ ಸೆಲೂನಿಗೆ ಒಯ್ದೆ. ಅಲ್ಲಿಯ ಪಾಕಿಸ್ತಾನಿ ಯಜಮಾನ ಬಿಡಿಸಿ ನೋಡಿದವನೇ "ಯೇ ತೋ ಮೇರೆ ದಾದಾ ಕೆ ಹಾಥ್ ಮೇ ಥಾ!" ಎಂದು, ತನ್ನ ಅಜ್ಜನ ಕೈಯಲ್ಲಿದ್ದ ಕತ್ತಿಯೇ ಸಿಕ್ಕಂತೆ ಕಣ್ಣಿಗೆ ಒತ್ತಿಕೊಂಡ. ಉಳಿದ ಮೂವರು ಕೆಲಸಗಾರರೂ ಓಡಿ ಬಂದರು. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಗಳು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಬೊಬ್ಬೆ ಹಾಕಿದರು. ಯಜಮಾನ ಕಲ್ಲಿಗೆ ಹಿಡಿದು ಮಸೆದುಕೊಟ್ಟ. ಗಡ್ಡ ಮಾತ್ರ ತೆಗೆಯಲಾರೆ, ಇಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡೇ ಆಗಬೇಕು ಅಂದ. "ದಿನಾ ಚರ್ಮಕ್ಕೆ ಎಳೆಯಿರಿ. ಪಟ್ಟಿ ಇಲ್ಲದಿದ್ದರೆ ಬೆಲ್ಟು."

ಅಪ್ಪನಿಗೆ ಕೊಡುವ ಮುಂಚೆ ಕೈ ಪಳಗಲಿ ಎಂದು ಮರುದಿನ ಊಟದ ಹೊತ್ತಿಗೆ ಸ್ಟೋರಿನಲ್ಲಿ ಬೆಲ್ಟು ಬಿಚ್ಚಿ, ಒಂದು ತುದಿಯನ್ನು ಕಪಾಟಿನ ಹಿಡಿಗೆ ಸಿಕ್ಕಿಸಿ, ಕತ್ತಿ ಎಳೆಯತೊಡಗಿದೆ. ಪ್ಯಾಂಟು ಜಾರುತ್ತಿದ್ದರಿಂದ ಹಲ್ಲು ಕಚ್ಚಿಕೊಂಡಿದ್ದೆ. ಬಾಗಿಲು ತೆರೆದು ಮ್ಯಾನೇಜರ್ ಒಳಗೆ ಬಂದರು. ಹಿಂದಿನ ದಿನವಷ್ಟೇ ಅವರು ನನ್ನ ರಜೆ ಅರ್ಜಿಯನ್ನು ವಾಪಸು ಮಾಡಿದ್ದರು.

ಅವರು ಕತ್ತಿ ನೋಡಿದರು, ನನ್ನ ಹಲ್ಲು ನೋಡಿದರು.

"ಎಷ್ಟು ದಿನ ಕೇಳಿದ್ದೆ?"

"ಮೂವತ್ತು, ಸರ್."

"ನಲವತ್ತೈದು ತಗೋ" ಎಂದು ಹಿಂದೆ ಹಿಂದೆ ನಡೆಯುತ್ತಲೇ ಬಾಗಿಲು ಹಾಕಿಕೊಂಡು ಹೋದರು.

ಮೀಸೆ

ಹೊರಡಲು ಇನ್ನು ಐದು ದಿನ ಇತ್ತು. ಕತ್ತಿಯನ್ನು ಒಮ್ಮೆಯಾದರೂ ನನ್ನ ಮುಖದ ಮೇಲೆ ಪರೀಕ್ಷೆ ಮಾಡದೆ ಅಪ್ಪನ ಕೈಗೆ ಕೊಡುವುದು ಹೇಗೆ? ಶನಿವಾರ ಸಂಜೆ ಧೈರ್ಯ ಮಾಡಿದೆ. ಕೆನ್ನೆ ಬೆಣ್ಣೆಯಂತಾಯಿತು. ಹುರುಪಿನಲ್ಲಿ ಮೀಸೆಯ ಎಡತುದಿ ಹೋಯಿತು. ಬಲಗಡೆ ಸರಿದೂಗಿಸಿದೆ, ಅದು ಹೆಚ್ಚಾಯಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕೊನೆಗೆ ಮೂಗಿನ ಕೆಳಗೆ ಒಂದು ನೊಣ ಕೂತಷ್ಟು ಉಳಿಯಿತು. ಅದನ್ನೂ ತೆಗೆದೆ.

ನಮ್ಮ ಕಡೆ ಮೀಸೆ ಇಟ್ಟ ಗಂಡಸು ಇದ್ದಕ್ಕಿದ್ದಂತೆ ಅದನ್ನು ಬೋಳಿಸುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಈ ಮಾತು ನನಗೆ ನೆನಪಾಗಲೇ ಇಲ್ಲ ನೋಡಿ.

ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ, ಕಂಪೆನಿ ಬಸ್ಸಿನಲ್ಲಿ ಊರಿನ ಕಡೆಯವನೊಬ್ಬ ನನ್ನನ್ನು ನೋಡಿ, ಏನೂ ಕೇಳದೆ ಎದ್ದು ಸೀಟು ಬಿಟ್ಟುಕೊಟ್ಟ. ಕೇಳುವುದು ಸರಿಯಲ್ಲ ಎಂಬ ಸಂಸ್ಕಾರ. ಸಂಜೆ ಮನೆಯ ಕೆಳಗೆ ಗ್ರೋಸರಿ ಇಟ್ಟಿರುವ ಬ್ಯಾರಿ ಕಾಕ ನನ್ನ ಎರಡೂ ಕೈ ಹಿಡಿದುಕೊಂಡರು. "ಧೈರ್ಯ ತಕ್ಕೊಳ್ಳಿ ಮಾರಾಯ್ರೇ. ಎಲ್ಲರಿಗೂ ಇರುವಂಥದ್ದೇ" ಎಂದು ಒಂದು ಪೆಟ್ಟಿಗೆ ಖರ್ಜೂರ ಕೊಟ್ಟರು. ಮೀಸೆಗೆ ಇಷ್ಟು ಮರುಕವೇ ಎಂದು ನನಗೆ ಆಶ್ಚರ್ಯ. ಮನೆಗೆ ಬಂದು ಊರಿನವರ ವಾಟ್ಸ್ಯಾಪ್ ಗುಂಪು ತೆರೆದರೆ ನೂರಾರು ಕೈಮುಗಿದ ಚಿತ್ರಗಳು. ಎಲ್ಲವೂ ನನ್ನ ಅಪ್ಪನ ಆತ್ಮಕ್ಕೆ.

ಊರಿಗೆ ಫೋನ್ ಮಾಡಿದೆ. ಎತ್ತಿದವರು ಅಪ್ಪನೇ.

"ಮಗಾ, ಬೆಳಿಗ್ಗೆಯೇ ಯಾರೋ ಫೋನ್ ಮಾಡಿ ‘ನಿಮ್ಮ ತಂದೆ ಹೋದರಂತಲ್ಲ’ ಅಂದ್ರು. ನನ್ನ ತಂದೆ ಹೋಗಿ ನಲವತ್ತು ವರ್ಷ ಆಯ್ತು, ಈಗ ಯಾಕೆ ಕೇಳ್ತಾರೆ ಅಂತ ಯೋಚನೆ ಮಾಡಿದೆ. ಆಮೇಲೆ ಗೊತ್ತಾಯ್ತು, ಹೋದದ್ದು ನಾನು. ಆಗಿನಿಂದ ಏಳು ಫೋನ್. ಎಲ್ಲರೂ ಪಾಪ, ಒಳ್ಳೆಯ ಮನುಷ್ಯ ಅಂತಾರೆ. ನಾನೂ ಹೌದು ಹೌದು ಅಂತೇನೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕತ್ತಿ ಸಿಕ್ಕಿದ್ದು, ಮೀಸೆ ಹೋದದ್ದು, ಅಂದು ಚಿನ್ನಿ ಕೆತ್ತಿದ್ದು, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ನಾನು ಮತ್ತೆ ಒಂಬತ್ತು ವರ್ಷದವನಾಗಿ ನಿಂತಿದ್ದೆ.

"ನ್ಯೂಯಾರ್ಕಿನದ್ದೇಯಾ?" ಅಂದರು ಅಪ್ಪ.

"ಹೌದಪ್ಪಾ."

"ಯಾವತ್ತು ಹೊರಡುವುದು?"

"ಗುರುವಾರ."

"ಮೊದಲೇ ಬರ್ಲಿಕ್ಕೆ ಆಗುವುದಿಲ್ವಾ? ಬೇಗ ತಾ ಅದನ್ನು."

ಇಪ್ಪತ್ತಾರು ವರ್ಷದಲ್ಲಿ ಅಪ್ಪ ಬಾಯಿಬಿಟ್ಟು ಕೇಳಿದ ಮೊದಲ ವಸ್ತು. ನನ್ನ ಕಣ್ಣು ತುಂಬಿತು. ಅವರೇ ಮುಂದುವರಿಸಿದರು:

"ನಾಳೆಯಿಂದ ಜನ ಮನೆಗೆ ನೋಡ್ಲಿಕ್ಕೆ ಬರ್ತಾರೆ. ನಾಲ್ಕು ದಿನದ ಗಡ್ಡ ಬಿಟ್ಕೊಂಡು ಕೂತ್ರೆ, ಸುದ್ದಿ ನಿಜ ಅಂತಲೇ ನಂಬಿ ಹೋಗ್ತಾರೆ!"